ಮಗುವಿನ ತೋಳು, ಬಿಲ್ಲಿನ ಅಳತೆ

ಮಕ್ಕಳಿಗೆ ಬಟ್ಟೆ ಹೊಲಿಸುವಾಗ ಒಂದೆರಡು ಅಂಗುಲ ಹೆಚ್ಚಿಗೆ ಬಿಡಿಸುವುದು ನಮ್ಮ ಹಳೆಯ ರೂಢಿ. ನೌಕರಿಗಾಗಿ ದಿಲ್ಲಿಗೆ ಬಂದು ಸರಕಾರಿ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಅದು ರೂಢಿ ಮಾತ್ರವಲ್ಲ, ಅರ್ಥಶಾಸ್ತ್ರವೂ ಹೌದು. ಈ ಚಳಿಗಾಲದಲ್ಲಿ ಮೊಣಕಾಲು ಮುಟ್ಟುವ ಕೋಟು ಬರುವ ಚಳಿಗಾಲಕ್ಕೆ ಸರಿಹೋಗುತ್ತದೆ. ಬೂಟಿನ ತುದಿಗೆ ಹತ್ತಿ ತುರುಕಿದರಾಯಿತು. ಆದರೆ ಈ ಲೆಕ್ಕಾಚಾರ ಎಲ್ಲ ವಸ್ತುಗಳಿಗೂ ಹೊಂದೀತೇ? ಈಚೆಗೆ ಕಿದ್ವಾಯಿ ನಗರದ ನಮ್ಮ ಕನ್ನಡ ಮನೆಗಳ ನಡುವೆ ಈ ಪ್ರಶ್ನೆ ಒಂದು ವಿಚಿತ್ರ ದಾರಿಯಿಂದ ಬಂದಿತು.

ನೆರೆಯ ಕುಟುಂಬವೊಂದರ ಮಗಳು ಅಮೆರಿಕದಲ್ಲಿ ನೆಲೆಸಿದ್ದಾಳೆ. ಆಕೆಯ 11 ವರ್ಷದ ಮಗ ತನ್ನ ಸಹಪಾಠಿಗಳಂತೆ ತಾನೂ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗಬೇಕೆಂದು ಹಟ ಹಿಡಿದಿದ್ದಾನೆ. ಹುಡುಗ ವಯಸ್ಸಿಗೆ ತುಸು ಗಿಡ್ಡ, ತೋಳೂ ಚಿಕ್ಕದು. ಯಾವ ಬಿಲ್ಲು ಕೊಡಿಸಬೇಕೆಂದು ಅಪ್ಪ ಅಂಗಡಿಯಲ್ಲಿ ವಿಚಾರಿಸುತ್ತಿದ್ದರೆ, ಕೊಡಿಸಬೇಕೇ ಎಂದು ಅಮ್ಮ ಇಲ್ಲಿಗೆ ಫೋನು ಮಾಡಿ ಕೇಳಿದ್ದಾಳೆ. ಪ್ರಶ್ನೆ ಒಂದು ಮನೆಯದಾದರೂ ಚರ್ಚೆ ನಮ್ಮೆಲ್ಲರದಾಯಿತು. ರಾಮಲೀಲಾ ದಿನಗಳಲ್ಲಿ ಹೊಳೆಯುವ ಕಾಗದ ಸುತ್ತಿದ ಬಿದಿರ ಬಿಲ್ಲನ್ನು ಮಕ್ಕಳಿಗೆ ಕೊಡಿಸಿ ಸಂತೋಷಪಡುವ ನಮಗೆ, ಬಿಲ್ಲು ನಿಜವಾಗಿಯೂ ಏನು ಮಾಡಬಲ್ಲುದೆಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

ಮೊದಲು ಅಳತೆಯ ಮಾತು. ಅಂಗಡಿಯ ಪ್ರಶ್ನೆ ಎಂದು ಅದನ್ನು ತಳ್ಳಿಹಾಕುವಂತಿಲ್ಲ. ಧರ್ಮಸೂಕ್ಷ್ಮ ಇರುವುದು ಅದರೊಳಗೇ. ಎರಡೂ ತೋಳು ಚಾಚಿ ನಿಂತವನ ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು, ಆ ಅಂಗುಲಗಳನ್ನು ಎರಡೂವರೆಯಿಂದ ಭಾಗಿಸಿದರೆ ಅವನು ಹೆದೆಯನ್ನು ಎಷ್ಟು ಹಿಂದಕ್ಕೆ ಸೆಳೆಯಬಲ್ಲನೆಂಬ ಅಂದಾಜು ಸಿಗುತ್ತದೆ. 55 ಅಂಗುಲ ಚಾಚುವ ಹುಡುಗನ ಸೆಳೆತ 22 ಅಂಗುಲ. ಸಾಮಾನ್ಯ ಬಿಲ್ಲುಗಳ ಮೇಲೆ ಬರೆದಿರುವ ತೂಕವಾದರೋ 28 ಅಂಗುಲ ಸೆಳೆದಾಗಿನದು; ಅಷ್ಟು ಎಳೆಯಲಾರದ ಮಗುವಿಗೆ ಅಷ್ಟು ಬಲವೂ ದಕ್ಕುವುದಿಲ್ಲ. ಗಾಲಿಗಳುಳ್ಳ ಕಾಂಪೌಂಡ್ ಬಿಲ್ಲಿನ ಸ್ವಭಾವ ಬೇರೆ. ಅದರ ಸೆಳೆತದ ಉದ್ದ ಯಂತ್ರದಲ್ಲೇ ನಿಗದಿಯಾಗಿರುತ್ತದೆ. ಪೂರ್ತಿ ಎಳೆದ ಮೇಲೆ ಕೈಗೆ ಹೊರೆ ಬಹಳ ಕಡಿಮೆಯಾಗುತ್ತದೆ. ಮಗು ಬೆಳೆಯಲಿ ಎಂದು ಉದ್ದನೆಯದನ್ನು ಕೊಟ್ಟರೆ ಅವನು ಬೆನ್ನು ಹಿಂದಕ್ಕೆ ಬಾಗಿಸಿ, ಮೊಣಕೈ ಬಿಗಿಹಿಡಿದು, ಗುರಿ ನೋಡುವ ಬದಲು ಬಿಲ್ಲಿನೊಡನೆ ಗುದ್ದಾಡುತ್ತಾನೆ. ಹೆದೆ ಮುಂಗೈಗೆ ಬಡಿದು ಬಾಸುಂಡೆ ಏಳುವುದೂ ಉಂಟು. ಕುರ್ಚಿಯಲ್ಲಿ ಕುಳಿತು, ಬಿಲ್ಲನ್ನು ಆಕಾಶಕ್ಕೆತ್ತದೆ ಗುರಿಯತ್ತಲೇ ಹಿಡಿದು, ನಿಧಾನವಾಗಿ ಸೆಳೆದು ಕೆಲವು ಕ್ಷಣ ನಿಲ್ಲಿಸಲಾಗದಿದ್ದರೆ ಆ ಬಿಲ್ಲು ಅವನದಲ್ಲ. ಕೋಟಿನ ಲೆಕ್ಕ ಇಲ್ಲಿಗೆ ಮುಗಿಯಿತು.

ಅಂದರೆ, ಬಿಲ್ಲು ಕೊಡಿಸುವ ತಂದೆ ತನ್ನ ಕಣ್ಣ ಮುಂದಿರುವ ಮಗನನ್ನು ನೋಡಬೇಕು. ಮೂರು ವರ್ಷದ ಅನಂತರದವನನ್ನಾಗಲಿ, ಪಕ್ಕದ ಮನೆಯವನನ್ನಾಗಲಿ ಅಲ್ಲ. ಇದು ಹೇಳುವಷ್ಟು ಸುಲಭವಲ್ಲ. ನಾವು ಊರು ಬಿಟ್ಟು ಬಂದವರು. ಮಕ್ಕಳು ನಮಗಿಂತ ಒಂದು ಮೆಟ್ಟಲು ಮೇಲಿರಲೆಂಬ ಆಸೆಯಿಂದಲೇ ಬಂದವರು. ಆ ಆಸೆಯ ಅಳತೆಗೆ ಮಗುವನ್ನು ಎಳೆಯುವುದು ನಮ್ಮಲ್ಲಿ ಪ್ರೀತಿಯೆಂದೇ ಹೆಸರಾಗಿದೆ. ವಿದ್ಯೆಗಿಂತ ಬೇರೇನೋ ಮುಖ್ಯವೆಂದು ಬಗೆದ ಗುರು ಶಿಷ್ಯನ ದೇಹವನ್ನೇ ಕತ್ತರಿಸಿದ ಕಥೆಯನ್ನು ನಾವು ಏಕಲವ್ಯನಲ್ಲಿ ಓದಿದ್ದೇವೆ. (ಇಂದಿನ ಅನೇಕ ಪಂದ್ಯಗಳಲ್ಲಿ ಹೆದೆ ಎಳೆಯುವುದು ಮೂರು ಬೆರಳುಗಳಿಂದ, ಹೆಬ್ಬೆರಳಿಗೆ ಅಲ್ಲಿ ಕೆಲಸವಿಲ್ಲ. ಏಕಲವ್ಯ ಈಗ ಹುಟ್ಟಿದ್ದರೆ ದ್ರೋಣರು ಬೇರೇನನ್ನು ಕೇಳುತ್ತಿದ್ದರೋ!) ಇದಕ್ಕೆ ವಿರುದ್ಧವಾದ ಕಥೆ ನಮ್ಮ ಕಾಲದ್ದು. ಜಮ್ಮುವಿನ ಕಿಶ್ತವಾಡದ ಶೀತಲ್ ದೇವಿ ತೋಳುಗಳಿಲ್ಲದೆ ಹುಟ್ಟಿದವಳು. ಬಲಗಾಲಿನಲ್ಲಿ ಬಿಲ್ಲು ಹಿಡಿದು, ಹೆಗಲಿನಿಂದ ಹೆದೆ ಸೆಳೆದು, ದವಡೆಯ ನೆರವಿನಿಂದ ಬಾಣ ಬಿಡುವ ಆಕೆ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರರೊಡನೆ ಕಂಚಿನ ಪದಕ ಗೆದ್ದಳು. ಅವಳಿಗಾಗಿ ಸಾಧನವನ್ನು ಬದಲಿಸಿದರು, ಅವಳನ್ನಲ್ಲ.

ಇಷ್ಟರ ಮಟ್ಟಿಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಚಿಕ್ಕ ತೋಳಿನ ಹುಡುಗನಿಗೆ ಚಿಕ್ಕ ಬಿಲ್ಲು, ಆಗಬಹುದು. ಆದರೆ ಗುರಿಯ ಜಾಗದಲ್ಲಿ ಹುಲ್ಲಿನ ಕಂತೆಯ ಬದಲು ಜಿಂಕೆ ಬಂದು ನಿಂತಾಗ?

ಇಲ್ಲಿ ಸ್ವಲ್ಪ ಗಣಿತ ಮಾಡಬೇಕಾಗುತ್ತದೆ. ಬಾಣಕ್ಕೆ ಸಿಗುವ ಶಕ್ತಿ ಎರಡು ಸಂಗತಿಗಳ ಗುಣಲಬ್ಧ: ಎಳೆಯುವ ಬಲ ಮತ್ತು ಹೆದೆ ಬಾಣವನ್ನು ತಳ್ಳಿಕೊಂಡು ಬರುವ ದೂರ. ತೋಳು ಚಿಕ್ಕದಾದರೆ ಎರಡೂ ಒಟ್ಟಿಗೆ ಕುಗ್ಗುತ್ತವೆ. ಸರಳ ಬಿಲ್ಲಿನಲ್ಲಿ 50 ಪೌಂಡ್ ಬಲದಿಂದ 28 ಅಂಗುಲ ಸೆಳೆಯುವ ವಯಸ್ಕನಿಗೂ, 25 ಪೌಂಡ್ ಬಲದಿಂದ 22 ಅಂಗುಲ ಸೆಳೆಯುವ ಹುಡುಗನಿಗೂ ಹೋಲಿಸಿದರೆ, ಹುಡುಗನ ಬಾಣಕ್ಕೆ ದಕ್ಕುವುದು ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಬಾಣ ಕೊಲ್ಲುವುದು ಗುಂಡಿನಂತೆ ಹೊಡೆತದ ಆಘಾತದಿಂದಲ್ಲ. ಅಲಗು ಶ್ವಾಸಕೋಶವನ್ನೋ ಹೃದಯವನ್ನೋ ಸೀಳಿ ರಕ್ತ ಹರಿಸಿ. ಅಷ್ಟು ಆಳ ಇಳಿಯದ ಬಾಣ ಪ್ರಾಣಿಯನ್ನು ಕೊಲ್ಲದೆ ಬಿಡಬಹುದು. ಆದರೆ ಅದು ಕರುಣೆಯಲ್ಲ. ಗಾಯಗೊಂಡ ಜಿಂಕೆ ಪೊದೆಗಳಲ್ಲಿ ಮರೆಯಾಗಿ ದಿನಗಟ್ಟಲೆ ನರಳಬಹುದು. ಅದಕ್ಕಾಗಿಯೇ ಅಮೆರಿಕದ ಹಲವು ರಾಜ್ಯಗಳು ಜಿಂಕೆ ಬೇಟೆಯ ಬಿಲ್ಲಿಗೆ 30ರಿಂದ 40 ಪೌಂಡಿನಷ್ಟು ಕನಿಷ್ಠ ಬಲವನ್ನು ಕಾನೂನಿನಲ್ಲೇ ಗೊತ್ತುಮಾಡಿವೆ.

ಮಗುವಿಗೆ ನ್ಯಾಯವಾದ ಬಿಲ್ಲು ಹೀಗೆ ಜಿಂಕೆಗೆ ಅನ್ಯಾಯವಾಗುತ್ತದೆ. ಜಿಂಕೆಗೆ ನ್ಯಾಯವಾದ ಬಿಲ್ಲನ್ನು ಮಗು ಎಳೆಯಲಾರ. ಬೇಟೆಯ ಅನುಭವಿಗಳು ಇದಕ್ಕೂ ದಾರಿ ಹೇಳುತ್ತಾರೆ: ಭಾರವಾದ ಬಾಣ, ತಗುಲಿದೊಡನೆ ಕೊಯ್ಯುವ ಹರಿತವಾದ ಅಲಗು, ತೀರ ಸಮೀಪದಿಂದ ಮಾತ್ರ ಪ್ರಯೋಗ. ಈ ಉಪಾಯಗಳು ಸುಳ್ಳಲ್ಲ. ಆದರೆ ಇವೆಲ್ಲದರ ಭಾರ ಕೊನೆಗೆ ಬೀಳುವುದು ಹುಡುಗನ ತಾಳ್ಮೆಯ ಮೇಲೆ. ಜಿಂಕೆ ಇನ್ನಷ್ಟು ಹತ್ತಿರ ಬರಲೆಂದು ಕಾಯುವುದು, ಓರೆಯಾಗಿ ನಿಂತರೆ ಬಿಡದಿರುವುದು, ಬೆಳಗಿನಿಂದ ಕಾದು ಬರಿಗೈಲಿ ಮನೆಗೆ ಬರುವುದು ಇವು ತೋಳಿನ ಕೆಲಸವಲ್ಲ. 11 ವರ್ಷದವನಲ್ಲಿ ಅದು ಇರಲಾರದೆಂದಲ್ಲ. ಇದೆಯೆಂದು ಅಂಗಡಿಯವನು ಹೇಳಲಾರ.

ನಮ್ಮ ಪುರಾಣಗಳು ಈ ವಿಷಯದಲ್ಲಿ ನಾವು ನೆನೆಯುವುದಕ್ಕಿಂತ ಸೂಕ್ಷ್ಮವಾಗಿವೆ. ಯುವರಾಜ ದಶರಥನಿಗೆ ತೋಳಿನಲ್ಲಿ ಕೊರತೆಯಿರಲಿಲ್ಲ; ಶಬ್ದವೇಧಿಯೆಂಬ ಕೀರ್ತಿಯಿತ್ತು. ಆ ಕೀರ್ತಿಯೇ ಸರಯೂ ತೀರದ ಕತ್ತಲಲ್ಲಿ ಕೊಡದ ಸದ್ದನ್ನು ಆನೆಯೆಂದು ಬಗೆಯುವಂತೆ ಮಾಡಿತು. ಕಾಣದುದಕ್ಕೆ ಬಾಣ ಬಿಟ್ಟದ್ದು ಆತನ ತಪ್ಪು. ಮತ್ತೆ, ಪಾಂಡುರಾಜನಿಗೆ ಶಾಪವಿತ್ತ ಕಿಂದಮ ಮುನಿಯನ್ನು ನೋಡಿ. ಜಿಂಕೆಯ ರೂಪದಲ್ಲಿದ್ದ ಆತ ಸಾಯುವಾಗ ಬೇಟೆಯನ್ನೇ ಪಾಪವೆಂದು ಹಳಿಯಲಿಲ್ಲ. ಜೊತೆಗೂಡಿದ ಗಳಿಗೆಯಲ್ಲಿ ಕಾಯದೆ ಹೊಡೆದೆಯಲ್ಲ ಎಂದು ಹಳಿದ. ಕೊಲ್ಲುವವನಿಗೂ ಒಂದು ಮರ್ಯಾದೆ ಇದೆ, ಅದನ್ನು ಕೇಳುವ ಹಕ್ಕು ಸಾಯುವ ಪ್ರಾಣಿಗಿದೆ ಎಂಬುದು ಅಲ್ಲಿಯ ಭಾವ. ಇನ್ನೊಂದು ಮಾತು: ದ್ರೋಣರು ಶಿಷ್ಯರನ್ನು ಪರೀಕ್ಷಿಸಿದ ಹಕ್ಕಿ ಜೀವಂತ ಹಕ್ಕಿಯಲ್ಲ. ಶಿಲ್ಪಿಗಳಿಂದ ಮಾಡಿಸಿ ಮರದ ತುದಿಯಲ್ಲಿ ಇರಿಸಿದ ಕೃತಕ ಪಕ್ಷಿಯೆಂದು ಮಹಾಭಾರತವೇ ಹೇಳುತ್ತದೆ. ಮಕ್ಕಳಿಗೆ ಕಥೆ ಹೇಳುವಾಗ ನಾವು ಈ ವಿವರವನ್ನು ಏಕೋ ಬಿಟ್ಟುಬಿಡುತ್ತೇವೆ.

ನಮ್ಮ ದೇಶದಲ್ಲಿ ಈ ಚರ್ಚೆಗೆ ಅವಕಾಶವೇ ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪಟ್ಟಿ ಮಾಡಿದ ಕಾಡುಪ್ರಾಣಿಗಳ ಬೇಟೆಯನ್ನು, ಅಧಿಕಾರಿಯ ವಿಶೇಷ ಅನುಮತಿಯ ಪ್ರಸಂಗಗಳನ್ನು ಬಿಟ್ಟು, ನಿಷೇಧಿಸಿದೆ. ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದೂ ಅದಕ್ಕೆ ಯತ್ನಿಸುವುದೂ ಬೇಟೆಯೇ. ನಮ್ಮ ಕೊಡಗಿನವರು ಕೈಲ್ ಪೊಳ್ದ್ ಹಬ್ಬದಲ್ಲಿ ಈಗಲೂ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಆಮೇಲಿನ ಗುರಿ ಮಾತ್ರ ಮರಕ್ಕೆ ಕಟ್ಟಿದ ತೆಂಗಿನಕಾಯಿ. ಕೌಶಲವಾಗಲಿ ಅಭಿಮಾನವಾಗಲಿ ಇದರಿಂದ ಕಡಿಮೆಯಾದಂತೆ ಕಾಣುವುದಿಲ್ಲ.

ಆದರೂ ಬೇಟೆಗಾರನನ್ನು ಕಂಡು ಮುಖ ಸಿಂಡರಿಸುವ ಅಧಿಕಾರ ನಮ್ಮಲ್ಲಿ ಎಷ್ಟು ಜನಕ್ಕಿದೆ? ಐ.ಎನ್.ಎ. ಮಾರುಕಟ್ಟೆ ನಮಗೆ ಕೂಗಳತೆಯಲ್ಲಿದೆ. ಅಲ್ಲಿ ಮಾಂಸ, ಮೀನು ಕೊಳ್ಳುವ ಕನ್ನಡಿಗರೂ ಉಂಟು, ಮೂಗು ಮುಚ್ಚಿಕೊಂಡು ತರಕಾರಿಯತ್ತ ನಡೆಯುವವರೂ ಉಂಟು. ಕೊಳ್ಳುವವರ ಪರವಾಗಿ ಯಾರೋ ಕತ್ತಿ ಹಿಡಿದಿರುತ್ತಾರೆ. ತಾನು ತಿನ್ನುವುದನ್ನು ತಾನೇ ಕೊಂದು, ಅದರ ಕಣ್ಣು ನೋಡಿದವನು ಒಂದು ದೃಷ್ಟಿಯಲ್ಲಿ ನಮಗಿಂತ ಪ್ರಾಮಾಣಿಕ. ರಾಜಸ್ಥಾನದ ಲಿಂಬಾ ರಾಮ್ ಬಾಲ್ಯದಲ್ಲಿ ಬಿದಿರ ಬಿಲ್ಲಿನಿಂದ ಹಕ್ಕಿ ಹೊಡೆಯುತ್ತಿದ್ದವರು. 1992ರಲ್ಲಿ ಬೀಜಿಂಗಿನ ಏಷ್ಯಾ ಚಾಂಪಿಯನ್‌ಶಿಪ್‌ನಲ್ಲಿ ವಿಶ್ವದಾಖಲೆ ಸರಿಗಟ್ಟಿ ಚಿನ್ನ ಗೆದ್ದರು. ಅವರಿಗೆ ಬಿಲ್ಲು ವಿನೋದವಾಗಿರಲಿಲ್ಲ, ಬದುಕಾಗಿತ್ತು. ಅಮೆರಿಕದ ನಮ್ಮ ಹುಡುಗನ ಮನೆಯಲ್ಲಿ ಅಂಥ ಅಗತ್ಯವಿಲ್ಲ; ಅವನಿಗೆ ಬೇಕಾಗಿರುವುದು ಗೆಳೆಯರ ಸಾಲಿನಲ್ಲೊಂದು ಜಾಗ. ಅದೂ ಸಣ್ಣ ಬೇಡಿಕೆಯಲ್ಲ. ಹೊಸ ಊರಿನಲ್ಲಿ ಒಬ್ಬಂಟಿಯಾಗಿ ನಿಲ್ಲುವುದೆಂದರೇನೆಂಬುದು ನಮಗೆ ಗೊತ್ತು. ಆದರೆ ಆ ಜಾಗದ ಬೆಲೆಯನ್ನು ಜಿಂಕೆ ಕೊಡಬೇಕೇ?

ಕೆಂಟಕಿಯಲ್ಲಿ 2002ರಲ್ಲಿ ಶಾಲೆಗಳಿಗೆಂದು ಬಿಲ್ವಿದ್ಯೆಯ ಕಾರ್ಯಕ್ರಮವೊಂದು ಶುರುವಾಯಿತು. ಈಗ ಅಮೆರಿಕದ ಬಹುಭಾಗಕ್ಕೆ ಹರಡಿದೆ. ಅಲ್ಲಿ ಬಳಸುವ ಜೆನೆಸಿಸ್ ಎಂಬ ಬಿಲ್ಲಿಗೆ ಗಾಲಿಯಿದ್ದರೂ ನಿಗದಿತ ಸೆಳೆತವಿಲ್ಲ. 15 ಅಂಗುಲ ಎಳೆಯುವವನಿಂದ 30 ಅಂಗುಲ ಎಳೆಯುವವನವರೆಗೆ ಒಂದೇ ಬಿಲ್ಲು ಸಾಕು. ಬಲ 10ರಿಂದ 20 ಪೌಂಡ್. ಇಂಥದೊಂದನ್ನು ಕೊಡಿಸಿ, ಹತ್ತು ಗಜ ದೂರದಲ್ಲಿ ಗುರಿಹಲಗೆ ನಿಲ್ಲಿಸಿಕೊಡಿ ಎಂದು ಇಲ್ಲಿಂದ ಹೇಳಿ ಕಳಿಸಿದೆವು. ಬೆಳೆಯುವ ಮಗುವಿಗೆ ಬಿಲ್ಲನ್ನು ಮತ್ತೆ ಮತ್ತೆ ಕೊಳ್ಳಬೇಕಾಗಿಲ್ಲವಾದ್ದರಿಂದ ನಮ್ಮ ಅರ್ಥಶಾಸ್ತ್ರಕ್ಕೂ ಸಮಾಧಾನವಾಯಿತು. ಬೇಟೆಯ ಮಾತನ್ನು, ತೋಳು ಕಾನೂನಿನ ಬಿಲ್ಲನ್ನು ನಿರಾಯಾಸವಾಗಿ ಸೆಳೆಯುವ ವರ್ಷದವರೆಗೆ ಮುಂದಕ್ಕೆ ಹಾಕಿದ್ದಾಯಿತು. ಆಗ ಅವನಿಗೆ ಹದಿನಾಲ್ಕೋ ಹದಿನೈದೋ ಆಗಿರುತ್ತದೆ. ಅಜ್ಜಿಯನ್ನು ಕೇಳುವ ಕೆಲಸ ತಾಯಿಯದಾಗಿ ಉಳಿಯುವುದಿಲ್ಲ, ಅವನೇ ಕೇಳುತ್ತಾನೆ. ಏನು ಉತ್ತರ ಕೊಡಬೇಕೆಂಬುದರಲ್ಲಿ ನಮ್ಮ ಮನೆಗಳಿನ್ನೂ ಒಮ್ಮತಕ್ಕೆ ಬಂದಿಲ್ಲ.