ನಿಷ್ಠೆ ಎಲ್ಲಿರುತ್ತದೆ?

ಸಂಗಾತಿ ಬೈಸೆಕ್ಷುವಲ್ ಎಂದು ತಿಳಿದೊಡನೆ ಹಲವರು ಹಿಂದೆ ಸರಿಯುತ್ತಾರೆ. ಗಂಡು ಹೆಣ್ಣು ಇಬ್ಬರತ್ತಲೂ ಮನಸ್ಸು ಹರಿಯುವವರು ಒಬ್ಬರಲ್ಲೇ ನಿಲ್ಲಲಾರರು ಎಂಬುದು ಅವರ ತರ್ಕ. ಇದು ಆಕರ್ಷಣೆಯನ್ನೂ ನಡತೆಯನ್ನೂ ಒಂದೇ ಮಾಡಿಬಿಡುತ್ತದೆ. ಹೆಣ್ಣನ್ನಷ್ಟೇ ಬಯಸುವ ಗಂಡನಿಗೂ ಲೋಕದ ಉಳಿದ ಹೆಂಗಸರು ಕಾಣದೆ ಹೋಗುವುದಿಲ್ಲ. ಆದರೂ ಕೊಟ್ಟ ಮಾತಿನಂತೆ ನಡೆಯುತ್ತಾನೆಂದೇ ಅವನನ್ನು ನಂಬುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಸಾ ಡೈಮಂಡ್ ಸುಮಾರು 80 ಮಹಿಳೆಯರ ಬದುಕನ್ನು 10 ವರ್ಷ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೈಸೆಕ್ಷುವಲ್ ಮಹಿಳೆಯರಲ್ಲಿ ಹೆಚ್ಚಿನವರು ಕೊನೆಯ ಹೊತ್ತಿಗೆ ಒಬ್ಬರೇ ಸಂಗಾತಿಯೊಡನೆ ದೀರ್ಘಕಾಲದಿಂದ ಬಾಳುತ್ತಿದ್ದರು. ಇಬ್ಬರತ್ತಲಿನ ಆಕರ್ಷಣೆ ಮಾತ್ರ ಅಳಿದಿರಲಿಲ್ಲ. ‘ನನ್ನಲ್ಲಿ ಇಲ್ಲದ್ದನ್ನು ಅವರು ಬಯಸಿದರೆ?’ ಎಂಬ ಅಳುಕು ನಿಜವಾದದ್ದೇ, ಅದನ್ನು ಹಳಿಯಲಾರೆ. ಆದರೆ ಯಾವ ಮನುಷ್ಯನೂ ಇನ್ನೊಬ್ಬರ ಎಲ್ಲ ಬಯಕೆಗೂ ಉತ್ತರವಾಗಲಾರ. ಯಾರೊಡನೆ ಬಾಳಬೇಕೆಂಬ ಆಯ್ಕೆ ಅವರವರದ್ದು, ಒಪ್ಪೋಣ. ಮಾಡದ ದ್ರೋಹವನ್ನು ಮೊದಲೇ ಹೊರಿಸಿ ಬೇಡವೆನ್ನುವುದು ಅನ್ಯಾಯ. ಅದರ ಪೆಟ್ಟು ಬೀಳುವುದು ಮುಚ್ಚಿಟ್ಟವರಿಗಲ್ಲ, ನಿಜ ಹೇಳಿದವರಿಗೆ.