ಮೀನಿನ ತೊಟ್ಟಿ ಮತ್ತು ಜೀವದಯೆ

ದಯೆಯೆಂಬುದು ಮನಸ್ಸಿನಲ್ಲಿ ಹುಟ್ಟುವ ಮೃದುವಾದ ಭಾವವಷ್ಟೇ ಆಗಿದ್ದರೆ ದಯಾವಂತರಾಗುವುದು ಬಹು ಸುಲಭವಾಗುತ್ತಿತ್ತು. ಕಣ್ಣು ತೇವವಾದೊಡನೆ ಕರ್ತವ್ಯವೂ ಮುಗಿಯುತ್ತಿತ್ತು. ಆದರೆ ನಮ್ಮ ಕರುಣೆ ಯಾವ ಜೀವಿಯ ಮೇಲೆ ಹರಿಯುತ್ತದೆಯೋ ಆ ಜೀವಿಯ ಸ್ವಭಾವವನ್ನು ನಾವು ತಿಳಿಯದಿದ್ದರೆ ಕರುಣೆಯೇ ಅದಕ್ಕೆ ಕಂಟಕವಾಗಬಹುದು. ಈ ಮಾತಿಗೆ ಶಾಸ್ತ್ರಪ್ರಮಾಣವನ್ನು ಹುಡುಕಬೇಕಾಗಿಲ್ಲ. ಮನೆಯ ಪಡಸಾಲೆಯಲ್ಲಿರಿಸಿದ ಮೀನಿನ ತೊಟ್ಟಿಯೊಂದು ಸಾಕು.

ಯಡ್ರಾಮಿ, ಜೇವರ್ಗಿ, ಅಫಜಲಪುರ ಕಡೆಯ ಭಕ್ತರ ಮನೆಗಳಿಗೆ ಬಿನ್ನಹಕ್ಕೆ ಹೋದಾಗ ಇಂಥ ಗಾಜಿನ ತೊಟ್ಟಿಗಳನ್ನು ನಾವು ಕಂಡಿದ್ದೇವೆ. ಅಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. "ಅಪ್ಪಾವರೇ, ಮೀನುಗಳನ್ನು ಹೀಗೆ ಕೂಡಿಹಾಕುವುದು ಪಾಪವೇ?" ಎಂಬುದು ಮೊದಲನೆಯದು. "ಹಾಗಾದರೆ ಕೆರೆಗೆ ಬಿಟ್ಟುಬಿಟ್ಟರೆ ಪುಣ್ಯ ಬರುವುದಲ್ಲವೇ?" ಎಂಬುದು ಎರಡನೆಯದು. ಉತ್ತರಕ್ಕೆ ಮುನ್ನ ಆ ತೊಟ್ಟಿಯೊಳಗೆ ನಡೆಯುವುದನ್ನು ಸ್ವಲ್ಪ ನೋಡೋಣ. ಅಲ್ಲಿ ನಗೆಯೂ ಇದೆ, ಪಾಠವೂ ಇದೆ.

ಮೊದಲನೆಯ ಬೆರಗು ಆ ಮೀನುಗಳ ಊರಿನದು. ಗಪ್ಪಿಯೆಂಬ ಪುಟ್ಟ ಮೀನು ದಕ್ಷಿಣ ಅಮೆರಿಕದ ಉತ್ತರ ಭಾಗದ್ದು; ಫೈಟರ್ ಮೀನು ಸಯಾಮಿನದು, ಅಂದರೆ ಈಗಿನ ಥಾಯ್ಲೆಂಡಿನದು; ಗೋಲ್ಡ್ ಫಿಶ್ ಚೀನದವರು ಸಾವಿರ ವರ್ಷಗಳ ಹಿಂದೆಯೇ ಸಾಕಿ ರೂಪಿಸಿದ ತಳಿ. ಬೇರೆ ಬೇರೆ ಖಂಡಗಳ ಈ ಅತಿಥಿಗಳು ಎರೆಭೂಮಿಯ ನಡುವೆ, ನಲವತ್ತು ಡಿಗ್ರಿ ದಾಟುವ ಬೇಸಗೆಯ ಸೀಮೆಯಲ್ಲಿ, ಒಂದೇ ಕೊಳವೆಬಾವಿಯ ನೀರಿನಲ್ಲಿ ಸಂಸಾರ ಹೂಡಿವೆ!

ಎರಡನೆಯ ಬೆರಗು ಗಣಿತದ್ದು. ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಅದೂ ಸುಮಾರು ತಿಂಗಳಿಗೊಮ್ಮೆ, ಹತ್ತಾರು ಮರಿ. ಗಂಡಿನ ಬೀಜವನ್ನು ಹೆಣ್ಣು ತಿಂಗಳುಗಟ್ಟಲೆ ತನ್ನೊಡಲಲ್ಲಿ ಕಾಪಿಡಬಲ್ಲದು. ಆದುದರಿಂದ ಒಂಟಿ ಮೀನೆಂದು ತಂದದ್ದು ಕೆಲವೇ ದಿನಗಳಲ್ಲಿ ದೊಡ್ಡ ಕುಟುಂಬವಾಗುತ್ತದೆ. ಮನೆಯವರು ಸಂಭ್ರಮದಿಂದ ನೋಡುತ್ತಿರುವಾಗಲೇ ತಾಯಿ ತನ್ನ ಮರಿಗಳನ್ನು ನುಂಗಲು ಹೊರಡುತ್ತದೆ. ಮಕ್ಕಳು ಅಳುತ್ತಾರೆ, ಹಿರಿಯರು ಕಲಿಯುಗವನ್ನು ಬೈಯುತ್ತಾರೆ. ತಪ್ಪು ಕಲಿಯುಗದ್ದಲ್ಲ. ಮರಿಗಳು ಅಡಗಿಕೊಳ್ಳಲು ದಟ್ಟವಾದ ನೀರುಗಿಡಗಳಿರಬೇಕೆಂಬುದನ್ನು ನಾವು ತಿಳಿಯಲಿಲ್ಲ, ಅಷ್ಟೆ.

ಫೈಟರ್ ಮೀನಿನ ಕಥೆ ಇನ್ನೂ ಸ್ವಾರಸ್ಯದ್ದು. ಗಾಜಿನಲ್ಲಿ ತನ್ನ ಬಿಂಬವನ್ನು ಕಂಡೊಡನೆ ಅದು ಕಿವಿರುಗಳನ್ನು ಹಿಗ್ಗಿಸಿ, ರೆಕ್ಕೆಗಳನ್ನು ಹರಡಿ ಯುದ್ಧಕ್ಕೆ ಸಿದ್ಧವಾಗುತ್ತದೆ. ಎದುರಿಗೆ ಯಾರೂ ಇಲ್ಲ. ತಾನೇ ತನಗೆ ವೈರಿ. ನಮ್ಮ ಅನೇಕ ಜಗಳಗಳು ಈ ಜಾತಿಯವೇ ಎಂದು ಬಿಡಿಸಿ ಹೇಳಬೇಕೆ? ಆದರೆ ಅದೇ ಜಗಳಗಂಟ ಮೀನು ತಂದೆಯಾದಾಗ ನೀರಿನ ಮೇಲೆ ಬಾಯಿಂದ ಗುಳ್ಳೆಗಳ ಗೂಡು ಕಟ್ಟಿ, ಕೆಳಗುದುರಿದ ಮೊಟ್ಟೆಗಳನ್ನು ಒಂದೊಂದಾಗಿ ಬಾಯಲ್ಲಿ ಹಿಡಿದು ಮತ್ತೆ ಗೂಡಿಗೆ ಸೇರಿಸುತ್ತದೆ. ಒಂದು ಜೀವಿಯನ್ನು ಒಂದೇ ಗುಣದಿಂದ ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ಮುಖ್ಯವಾದ ವಿಷಯ. ಮನೆಯ ಮೀನುಗಳು ದ್ವೇಷದಿಂದ ಸಾಯುವುದು ವಿರಳ, ಪ್ರೀತಿಯಿಂದ ಸಾಯುವುದೇ ಹೆಚ್ಚು. ಗೋಲ್ಡ್ ಫಿಶ್ ಆಹಾರ ಹಾಕುವವರನ್ನು ಗುರುತಿಸುತ್ತದೆ. ಅವರು ಬಂದೊಡನೆ ಬಾಯ್ತೆರೆದು ಮೇಲೇಳುತ್ತದೆ. "ಪಾಪ, ಹಸಿದಿದೆ" ಎಂದು ಅಜ್ಜಿಯೊಮ್ಮೆ, ಸೊಸೆಯೊಮ್ಮೆ, ಮೊಮ್ಮಗನೊಮ್ಮೆ ಆಹಾರ ಹಾಕುತ್ತಾರೆ. ಉಳಿದದ್ದು ಕೊಳೆತು ನೀರು ವಿಷವಾಗುತ್ತದೆ. ಮತ್ತೊಬ್ಬರು ಮಡಿಯ ಮನೆಯವರು. ವಾರಕ್ಕೊಮ್ಮೆ ತೊಟ್ಟಿ, ಮರಳು, ಕಲ್ಲು ಎಲ್ಲವನ್ನೂ ತಿಕ್ಕಿ ತೊಳೆದು ಹೊಸ ನೀರು ತುಂಬುತ್ತಾರೆ. ನೀರು ಸ್ಫಟಿಕದಂತೆ ಹೊಳೆಯುತ್ತದೆ, ಮೀನು ಸಾಯುತ್ತದೆ! ಕಾರಣವಿಷ್ಟೆ: ಮೀನಿನ ಮಲದಿಂದಲೂ ಉಸಿರಿನಿಂದಲೂ ಹುಟ್ಟುವ ಅಮೋನಿಯವನ್ನು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕರಗಿಸುತ್ತವೆ. ಅವು ಮರಳಿನಲ್ಲಿ ನೆಲೆಗೊಳ್ಳಲು ನಾಲ್ಕಾರು ವಾರಗಳು ಬೇಕು. ಅತಿ ಶುದ್ಧಿ ಅವುಗಳನ್ನೇ ತೊಳೆದುಹಾಕುತ್ತದೆ. ನಲ್ಲಿಯ ನೀರಿನ ಕ್ಲೋರಿನ್ ಉಳಿದುದನ್ನು ಪೂರೈಸುತ್ತದೆ. ಕಣ್ಣಿಗೆ ಶುದ್ಧವೆನಿಸಿದ್ದು ಜೀವಕ್ಕೆ ಶುದ್ಧವಲ್ಲ; ಹೊರಗಣ ಮಡಿಯನ್ನು ಶರಣರು ಪ್ರಶ್ನಿಸಿದ ಕಾರಣವನ್ನು ಇಲ್ಲಿ ನೆನೆಯಬಹುದು.

ನಮ್ಮವರ ಮನೆಗಳಲ್ಲಿ ಇನ್ನೊಂದು ಸೋಜಿಗವುಂಟು. ಶುದ್ಧ ಸಸ್ಯಾಹಾರಿಗಳ ಮನೆಗೆ ಬರುವ ಮೀನಿನ ಆಹಾರದ ಡಬ್ಬಿಯಲ್ಲಿ ಬಹುಮಟ್ಟಿಗೆ ಇರುವುದು ಮೀನಿನ ಪುಡಿ, ಸಿಗಡಿಯ ಪುಡಿ. ಇದನ್ನು ಖಂಡಿಸಲೆಂದು ಹೇಳುತ್ತಿಲ್ಲ. ಒಂದು ಜೀವವನ್ನು ಮನೆಗೆ ತಂದರೆ ಅದರ ಸ್ವಭಾವವನ್ನೂ ತಂದಂತೆ ಎಂಬುದನ್ನು ಮರೆಯಬಾರದು.

ಈಗ ಪ್ರಶ್ನೆಗಳಿಗೆ ಬರೋಣ. ಸಾಕಲು ಬೇಸರವಾದಾಗ, ಅಥವಾ ಸಂಖ್ಯೆ ಮಿತಿಮೀರಿದಾಗ ಅನೇಕರು ಮೀನುಗಳನ್ನು ಕೆರೆಗೋ ಹಳ್ಳಕ್ಕೋ ಬಿಟ್ಟು, ಬಂಧನದಿಂದ ಬಿಡಿಸಿದೆವೆಂದು ಕೈಮುಗಿದು ಬರುತ್ತಾರೆ. ತೊಟ್ಟಿಯ ಪಾಚಿ ತಿನ್ನುವುದೆಂದು ಅಂಗಡಿಯವರು ಕೊಡುವ ಸಕ್ಕರ್ ಮೀನನ್ನು ನೋಡಿ. ಬೆರಳುದ್ದವಾಗಿ ಬಂದದ್ದು ಅಡಿಗೂ ಮೀರಿ ಬೆಳೆಯುತ್ತದೆ, ತೊಟ್ಟಿ ಸಾಲದಾಗುತ್ತದೆ. ದಕ್ಷಿಣ ಅಮೆರಿಕದ ಈ ಮೀನು ಹೀಗೆ ಬಿಡುಗಡೆಗೊಂಡು ಇಂದು ಆಂಧ್ರ, ತೆಲಂಗಾಣ, ತಮಿಳುನಾಡು, ಕೇರಳಗಳ ಜಲಾಶಯಗಳಲ್ಲಿ ನೆಲೆಯೂರಿದೆ. ಮಲಿನವಾದ ನೀರಿನಲ್ಲಿಯೂ ಬದುಕುತ್ತದೆ, ದಡವನ್ನು ಕೊರೆಯುತ್ತದೆ, ತನ್ನ ಮುಳ್ಳುಗಳಿಂದ ಬಡ ಬೆಸ್ತರ ಬಲೆಗಳನ್ನು ಹರಿಯುತ್ತದೆ, ಸ್ಥಳೀಯ ಮೀನುಗಳ ಆಹಾರವನ್ನು ಕಸಿಯುತ್ತದೆ. ಒಂದು ಮೀನಿಗೆ ತೋರಿದ ದಯೆ ಒಂದು ಕೆರೆಗೆ ಕ್ರೌರ್ಯವಾಯಿತು. ಮಲೇರಿಯ ತಡೆಯಲು ಆರೋಗ್ಯ ಇಲಾಖೆಯವರು ಕರ್ನಾಟಕದ ಬಾವಿಗಳಲ್ಲಿ ಗಪ್ಪಿಗಳನ್ನು ಬಿಟ್ಟದ್ದುಂಟು. ಆದರೆ ಅದು ಸ್ಥಳ ನೋಡಿ, ಉದ್ದೇಶವಿರಿಸಿ ಮಾಡಿದ ಕೆಲಸ. ಮನದ ಭಾರ ಇಳಿಸಿಕೊಳ್ಳಲು ಬಿಡುವುದು ಬೇರೆ.

ಆದುದರಿಂದ ಬಿಟ್ಟಾಗ ಹಗುರಾದದ್ದು ಮೀನೋ, ನಮ್ಮ ಮನಸ್ಸೋ ಎಂದು ಪರೀಕ್ಷಿಸಿಕೊಳ್ಳಬೇಕು. ನಮ್ಮ ಸಮಾಧಾನಕ್ಕಾಗಿ ಮಾಡಿದ್ದು ದಯೆಯಲ್ಲ. ಅದು ದಯೆಯ ವೇಷ ತೊಟ್ಟ ಸ್ವಾರ್ಥ.

ನಮ್ಮ ಸೀಮೆಯಲ್ಲೇ ಇದಕ್ಕೊಂದು ದಾರಿದೀಪವಿದೆ. ಕಲಬುರಗಿಯ ದಾಸೋಹಮೂರ್ತಿ ಶ್ರೀ ಶರಣಬಸವೇಶ್ವರರು (1746–1822) ಹುಟ್ಟಿದ್ದು ಯಡ್ರಾಮಿ ಸೀಮೆಯ ಅರಳಗುಂಡಗಿಯಲ್ಲಿ. ಹೊಲ ಕಾಯುವ ಅವರು ಹಕ್ಕಿಗಳನ್ನು ಓಡಿಸದೆ, ತೆನೆಗಳನ್ನು ತಿನ್ನಲು ಬಿಟ್ಟು, ಕುಡಿಯಲು ನೀರನ್ನೂ ಇರಿಸುತ್ತಿದ್ದರೆಂದು ಭಕ್ತಜನ ಇಂದಿಗೂ ಹೇಳುತ್ತಾರೆ. ಅವರು ಹಕ್ಕಿಗೆ ಬೇಕಾದುದನ್ನು ಹಕ್ಕಿ ಇರುವಲ್ಲಿಯೇ ಕೊಟ್ಟರು, ಹಕ್ಕಿಯನ್ನು ತನ್ನದಾಗಿಸಿಕೊಳ್ಳಲಿಲ್ಲ. ಒಡೆತನವಿಲ್ಲದ ಈ ಕೊಡುಗೆಯೇ ದಾಸೋಹದ ಮರ್ಮ.

ಹಾಗೆಂದು ಈಗಾಗಲೇ ಮೀನು ಸಾಕಿದವರನ್ನು ನಾವು ಪಾಪಿಗಳೆನ್ನುವುದಿಲ್ಲ. ತೊಟ್ಟಿಯ ಮೀನಿಗೆ ಓಡಿಹೋಗಲು ದಾರಿಯಿಲ್ಲ, ದೂರಲು ನಾಲಗೆಯಿಲ್ಲ. ಅದರ ಜಗತ್ತಿಗೆಲ್ಲ ನೀವೇ ಹೊಣೆ. ಇದನ್ನರಿತು ಸಾಕುವುದೂ ಒಂದು ಕಾಯಕ. ಮಿತವಾಗಿ ಉಣಿಸಿರಿ. ಮೀನಿನ ಬೆಳವಣಿಗೆ ತಿಳಿದು ತೊಟ್ಟಿಯನ್ನು ಆರಿಸಿರಿ. ಬೇಸಗೆಯಲ್ಲಿ ಕಾದ ನೀರು ಕಡಿಮೆ ಪ್ರಾಣವಾಯುವನ್ನು ಹಿಡಿದಿಡುತ್ತದೆ, ತೊಟ್ಟಿಯನ್ನು ನೆರಳಿನಲ್ಲಿರಿಸಿರಿ. ವಾರಕ್ಕೊಮ್ಮೆ ನೀರಿನ ಒಂದಂಶವನ್ನು ಮಾತ್ರ ಬದಲಿಸಿ, ತೆಗೆದ ನೀರನ್ನು ಅಂಗಳದ ಬಿಲ್ವಕ್ಕೆರೆಯಿರಿ. ಅದು ಗಿಡಕ್ಕೆ ಒಳ್ಳೆಯ ಗೊಬ್ಬರ. ಸಾಕಲಾಗದಿದ್ದರೆ ಬಲ್ಲವರಿಗೆ ಒಪ್ಪಿಸಿರಿ, ಕೆರೆಗೆ ಬಿಡಬೇಡಿರಿ. ಇನ್ನೂ ತರದವರು ತರುವ ಮುನ್ನ ಯೋಚಿಸಿರಿ. ಮಾಳಿಗೆಯ ಮೇಲೆ ಹಕ್ಕಿಗಳಿಗಾಗಿ ಒಂದು ಬಟ್ಟಲು ನೀರಿರಿಸಿದರೂ ಮಕ್ಕಳಿಗೆ ಅದೇ ಆನಂದ ದೊರೆತೀತು.

ಅರಿವಿಲ್ಲದ ದಯೆ ಕುರುಡು, ದಯೆಯಿಲ್ಲದ ಅರಿವು ಬರಡು. ಎರಡೂ ಕೂಡಿದ ಆಚಾರ ನಿಮ್ಮ ಮನೆಗಳಲ್ಲಿ ನೆಲೆಸಲಿ ಎಂದು ಹಾರೈಸುತ್ತೇವೆ.