ಜರ್ಮನ್ ಕೋವಿ, ಇಂಗ್ಲಿಷ್ ಥ್ರೆಡ್

1898ರಲ್ಲಿ ಜರ್ಮನ್ ಸೇನೆ ಒಪ್ಪಿಕೊಂಡ ಮೌಸರ್ ರೈಫಲ್ಲಿನ ಗುಂಡಿನ ಅಳತೆ ಮಿಲಿಮೀಟರಿನಲ್ಲಿದೆ. ಆ ದೇಶ ಮೀಟರು, ಕಿಲೋಗಳಿಗೆ ಬದಲಾಗಿ ಆಗಲೇ ಕಾಲು ಶತಮಾನ ಕಳೆದಿತ್ತು. ಆದರೆ ಅದೇ ರೈಫಲ್ಲಿನ ನಳಿಗೆ ಬಿಚ್ಚಿ ಬುಡದ ಥ್ರೆಡ್ ಅಳೆದರೆ ಸಿಗುವ ಲೆಕ್ಕವೇ ಬೇರೆ: ವ್ಯಾಸ 1.1 ಇಂಚು, ಇಂಚಿಗೆ 12 ಸುತ್ತು, ಗೀರಿನ ಕೋನ 55 ಡಿಗ್ರಿ. ಅಪ್ಪಟ ಇಂಗ್ಲಿಷ್ ಥ್ರೆಡ್. ಮುಂದೆ ಎರಡು ಮಹಾಯುದ್ಧಗಳಲ್ಲಿ ಇಂಗ್ಲಿಷರ ಮೇಲೆ ಗುಂಡು ಹಾರಿಸಿದ ಕೋವಿಗಳ ನಳಿಗೆಯನ್ನು ಬಿಗಿಹಿಡಿದಿದ್ದದ್ದು ಇಂಗ್ಲೆಂಡಿನವನೊಬ್ಬ ಹಾಕಿಕೊಟ್ಟ ಕೋನ.

ಅವನು ಜೋಸೆಫ್ ವಿಟ್‌ವರ್ತ್, ಮ್ಯಾಂಚೆಸ್ಟರಿನಲ್ಲಿ ಯಂತ್ರದ ಕಾರ್ಖಾನೆ ನಡೆಸುತ್ತಿದ್ದವನು. ಅವನ ಕಾಲದಲ್ಲಿ ಒಂದೊಂದು ಕಾರ್ಖಾನೆಗೆ ಒಂದೊಂದು ಥ್ರೆಡ್. ಒಬ್ಬರ ಬೋಲ್ಟಿಗೆ ಇನ್ನೊಬ್ಬರ ನಟ್ ಕೂರುತ್ತಿರಲಿಲ್ಲ. ವಿಟ್‌ವರ್ತ್ ಹಲವು ಕಾರ್ಖಾನೆಗಳಿಂದ ಸ್ಕ್ರೂಗಳನ್ನು ತರಿಸಿಕೊಂಡ, ಅಳೆದ, ಸರಾಸರಿ ತೆಗೆದ. 1841ರಲ್ಲಿ ಇನ್ನು ಎಲ್ಲರೂ ಇದನ್ನೇ ಬಳಸೋಣ ಎಂದ. 55 ಡಿಗ್ರಿ ಬಂದದ್ದು ಹಾಗೆ. ಅದರ ಹಿಂದೆ ದೊಡ್ಡ ಸಿದ್ಧಾಂತವೇನೂ ಇಲ್ಲ. ಇಂದಿಗೂ ನಮ್ಮ ಮನೆಯ ಅರ್ಧ ಇಂಚಿನ ನಲ್ಲಿಯ ಥ್ರೆಡ್ಡು ಇದೇ 55 ಡಿಗ್ರಿಯದು, ಇಂಚಿಗೆ 14 ಸುತ್ತು. ತಮಾಷೆಯೆಂದರೆ ವಿಟ್‌ವರ್ತ್ ತಾನೇ ಒಂದು ರೈಫಲ್ ಮಾಡಿದ್ದ, ನಳಿಗೆಯೊಳಗೆ ಆರು ಮೂಲೆಯ ರಂಧ್ರ ಇದ್ದದ್ದು. 1860ರಲ್ಲಿ ವಿಂಬಲ್ಡನ್ನಿನ ಸ್ಪರ್ಧೆಯನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದ್ದು ಅದೇ ರೈಫಲ್ಲಿನಿಂದ 400 ಗಜದ ಗುರಿಗೆ ಗುಂಡು ಹೊಡೆದು. ಆದರೂ ಬ್ರಿಟಿಷ್ ಸೇನೆ ಅದನ್ನು ತನ್ನ ಸಾಮಾನ್ಯ ಕೋವಿಯಾಗಿ ಒಪ್ಪಲಿಲ್ಲ.

ಮೌಸರ್ ಸೇನೆಗೆ ಸೇರಿದ ವರ್ಷವೇ ಜ್ಯೂರಿಕ್‌ನಲ್ಲಿ ಯುರೋಪಿನ ಎಂಜಿನಿಯರುಗಳು ಸೇರಿ 60 ಡಿಗ್ರಿಯ ಮೆಟ್ರಿಕ್ ಥ್ರೆಡ್ ನಿಗದಿ ಮಾಡಿದರು. ಕೋವಿ ಮಾತ್ರ ತನ್ನ ಹಳೆಯ ಥ್ರೆಡ್ಡನ್ನು ಬಿಡಲಿಲ್ಲ. ಥ್ರೆಡ್ ಬದಲಿಸಬೇಕಾದರೆ ಕೋವಿಯೊಂದನ್ನೇ ಬದಲಿಸಿದರೆ ಸಾಲದು. ಅದನ್ನು ಕತ್ತರಿಸುವ ಟೂಲು, ಅಳೆಯುವ ಗೇಜು, ಗೋದಾಮಿನಲ್ಲಿರುವ ನಳಿಗೆಗಳು ಎಲ್ಲವೂ ಬದಲಾಗಬೇಕು. ಹಾಗಾಗಿ ಬದಲಾಗಬೇಕಾದ ಸರದಿ ಯಾವಾಗಲೂ ಹೊಸದಾಗಿ ಬಂದ ನಳಿಗೆಯದೇ.

ಅಮೆರಿಕದಲ್ಲಿ ಹಳೆಯ ಮಿಲಿಟರಿ ಮೌಸರ್‌ಗೆ ಬೇರೆ ನಳಿಗೆ ಹಾಕಿಸಿ ಬೇಟೆಯ ಕೋವಿ ಮಾಡಿಕೊಳ್ಳುವುದು ಬಹುಕಾಲದ ರೂಢಿ. ಗಿರಾಕಿಯೊಬ್ಬ ರೆಮಿಂಗ್‌ಟನ್ 700 ರೈಫಲ್ಲಿನ ನಳಿಗೆ ತಂದು, ಇದನ್ನು ಮೌಸರ್ ಆಕ್ಷನ್ನಿಗೆ ಕೂರಿಸಿ ಕೊಡಿ ಎನ್ನುತ್ತಾನೆ ಅನ್ನಿ. ಆಕ್ಷನ್ ಎಂದರೆ ಬೋಲ್ಟ್, ಅಂದರೆ ಕೋವಿಯ ಅಗುಳಿ, ಸರಿದು ಕಾಡತೂಸನ್ನು ಒಳಗೆ ತಳ್ಳಿ ಬೀಗ ಹಾಕುವ ಉಕ್ಕಿನ ಮನೆ. ನಳಿಗೆ ಬಂದು ತಿರುಗಿ ಕೂರುವುದು ಅದರ ಬಾಯಿಗೆ. ರೆಮಿಂಗ್‌ಟನ್ ನಳಿಗೆಯ ಬುಡ ಒಂದೂ ಹದಿನಾರನೇ ಒಂದು ಇಂಚು ದಪ್ಪ, ಇಂಚಿಗೆ 16 ಸುತ್ತು, ಕೋನ 60 ಡಿಗ್ರಿ. ಅಂದರೆ ಮೌಸರ್ ಬಾಯಿಗೆ ಬೇಕಾದದ್ದಕ್ಕಿಂತ ಸುಮಾರು ಒಂದು ಮಿಲಿಮೀಟರ್ ಸಣ್ಣದು. ಲೇತ್ ಉಕ್ಕನ್ನು ತೆಗೆಯಬಲ್ಲದು, ಸೇರಿಸಲಾರದು. ಆದ್ದರಿಂದ ಆ ಬುಡವನ್ನೇ ಕತ್ತರಿಸಿ ಬಿಸಾಡಿ, ಅದರ ಮುಂದಿನ ದಪ್ಪ ಭಾಗದಲ್ಲಿ ಹೊಸ ಥ್ರೆಡ್ ಹಾಕಬೇಕು. ನಳಿಗೆ ಇಂಚಿನಾಸುಪಾಸು ಗಿಡ್ಡವಾಗುತ್ತದೆ. ಕಾಡತೂಸು ಕೂರುವ ಚೇಂಬರಿನ ಒಂದು ತುಂಡೂ ಅದರ ಜೊತೆ ಹೋಗುತ್ತದೆ. ಉಳಿದದ್ದನ್ನು ಮತ್ತೆ ಆಳಕ್ಕೆ ಕೊರೆಯಬೇಕು.

ಮೌಸರ್ ನಳಿಗೆಯನ್ನು ರೆಮಿಂಗ್‌ಟನ್‌ಗೆ ಹಾಕುವುದಾದರೆ ದಪ್ಪವಾದದ್ದನ್ನು ತೆಳು ಮಾಡಿದರಾಯಿತಲ್ಲ ಎನ್ನಿಸಬಹುದು. ಅದೂ ಆಗದು. 12 ಸುತ್ತಿನ ಹಳೆಯ ಗೀರುಗಳು ಆಳವಾಗಿವೆ. ಮೇಲಿನ ಒಂದು ಮಿಲಿಮೀಟರ್ ಕಳೆದರೂ ಅವು ಅಳಿಯುವುದಿಲ್ಲ. ಅದರ ಮೇಲೆಯೇ 16 ಸುತ್ತಿನದನ್ನು ಹೊಡೆದರೆ ಎರಡೂ ಅಡ್ಡಾದಿಡ್ಡಿ ಹಾಯ್ದು ಒಂದೂ ನೆಟ್ಟಗಿರದು. ಜೊತೆಗೆ ಕೂರುವ ಕ್ರಮವೇ ಬೇರೆ. ಮೌಸರ್‌ನಲ್ಲಿ ನಳಿಗೆಯ ತುದಿ ಆಕ್ಷನ್ನಿನ ಒಳಗಿರುವ ಉಂಗುರಕ್ಕೆ ಒತ್ತಿ ನಿಲ್ಲುತ್ತದೆ. ರೆಮಿಂಗ್‌ಟನ್‌ನಲ್ಲಿ ಹೊರಗಿನ ಭುಜ, ನಡುವೆ ವಾಷರಿನಂತೆ ಸಿಕ್ಕಿಸಿದ ಒಂದು ದಪ್ಪ ತಗಡನ್ನು ಅದುಮಿ ನಿಲ್ಲುತ್ತದೆ.

ಇಷ್ಟಾಗಿ ಥ್ರೆಡ್ ಬೆಣ್ಣೆಯಂತೆ ಕೂತಿತು ಎಂದು ಹಿಗ್ಗುವವರು ಬಹಳ. ನನ್ನ ಮಟ್ಟಿಗೆ ಅಸಲಿ ಕೆಲಸ ಶುರುವಾಗುವುದು ಅಲ್ಲಿಂದ. ಬೀಗ ಬಿದ್ದ ಬೋಲ್ಟಿನ ಮುಖಕ್ಕೂ ಚೇಂಬರಿನೊಳಗೆ ಕಾಡತೂಸು ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರಕ್ಕೆ ಹೆಡ್‌ಸ್ಪೇಸ್ ಎನ್ನುತ್ತಾರೆ. ಅದು ಕಡಿಮೆಯಾದರೆ ಬೋಲ್ಟ್ ಮುಚ್ಚದು. ಹೆಚ್ಚಾದರೆ ಹಿತ್ತಾಳೆಯ ಕೋಶ ಹಿಗ್ಗಿ ಬುಡದ ಹತ್ತಿರ ಹರಿದುಕೊಳ್ಳಬಹುದು. ಆಗ ಕಾದ ಅನಿಲ ಹಿಂದಕ್ಕೆ, ಹೊಡೆಯುವವನ ಮುಖದ ಕಡೆಗೆ ನುಗ್ಗುತ್ತದೆ. ಇದನ್ನು ನೋಡಲು ಎರಡು ಉಕ್ಕಿನ ಗೇಜುಗಳಿವೆ. ಒಂದರ ಮೇಲೆ ಬೋಲ್ಟ್ ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. .308 ಕಾಡತೂಸಿಗೆ ಎರಡಕ್ಕೂ ಇರುವ ವ್ಯತ್ಯಾಸ ಮಿಲಿಮೀಟರಿನ ಹತ್ತನೇ ಒಂದು. ಮೌಸರ್ ಥ್ರೆಡ್ಡಿನಲ್ಲಿ ನಳಿಗೆ ಒಂದು ಸುತ್ತು ತಿರುಗಿದರೆ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು ಒಳಗೆ ಹೋಗುತ್ತದೆ. ಹಾಗಾದರೆ ಸರಿಗೂ ತಪ್ಪಿಗೂ ನಡುವೆ ಇರುವುದು ಸುತ್ತಿನ ಇಪ್ಪತ್ತನೇ ಒಂದು ಪಾಲು. ಗಡಿಯಾರದ ದೊಡ್ಡ ಮುಳ್ಳು ಮೂರು ನಿಮಿಷ ಸರಿದಷ್ಟು.

ಸ್ಯಾವೇಜ್ ಕಂಪನಿ 1958ರಲ್ಲಿ ತನ್ನ 110 ಮಾದರಿಯ ರೈಫಲ್ ತಂದಾಗ ಈ ತಲೆನೋವಿಗೆ ಸುಲಭದ ದಾರಿ ಕಂಡುಕೊಂಡಿತು. ಚೇಂಬರಿನಲ್ಲಿ ಗೇಜು ಇಟ್ಟು, ಅದು ಬೋಲ್ಟಿಗೆ ತಾಗುವವರೆಗೆ ನಳಿಗೆಯನ್ನು ತಿರುಗಿಸಿ, ಹೊರಗಿನಿಂದ ಒಂದು ನಟ್ ಬಿಗಿಯುವುದು. ನೋಡಲು ಅಂದವಿಲ್ಲ ಎಂದು ಮೂಗು ಮುರಿದವರಿದ್ದಾರೆ.

ಥ್ರೆಡ್ಡೂ ಕೂತು ಗೇಜೂ ಒಪ್ಪಿದ ಮೇಲೆ ಕೊನೆಗೆ ಉಳಿಯುವುದು ಉಕ್ಕಿನ ಶಕ್ತಿ. 1962ರ ಚೀನಾ ಯುದ್ಧದ ನಂತರ ಬಂಗಾಳದ ಈಶಾಪುರ ಕಾರ್ಖಾನೆ ಹಳೆಯ ಎನ್‌ಫೀಲ್ಡ್ ರೈಫಲ್ಲಿನ ವಿನ್ಯಾಸವನ್ನು 7.62 ಕಾಡತೂಸಿಗೆ ಒಗ್ಗಿಸಿತು. ಅದರ ಹಳೆಯ .303 ಕಾಡತೂಸಿಗಿಂತ ಇದರ ಒತ್ತಡ ಹೆಚ್ಚು. ಆದ್ದರಿಂದ ಅಲ್ಲಿಯವರು ನಳಿಗೆ ಬದಲಿಸಿ ಸುಮ್ಮನಾಗಲಿಲ್ಲ, ಆಕ್ಷನ್ನನ್ನೇ ಹೆಚ್ಚು ಗಟ್ಟಿಯಾದ ಉಕ್ಕಿನಲ್ಲಿ ಮಾಡಿದರು. ಇಂಥ ಕೆಲಸಕ್ಕೆ ಕಾನೂನಿನ ಒಪ್ಪಿಗೆಯೂ ಬೇಕು: ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ಕೋವಿಯ ತಯಾರಿಕೆಗಷ್ಟೇ ಅಲ್ಲ, ಮಾರ್ಪಾಟು, ರಿಪೇರಿ, ಪರೀಕ್ಷೆಗೂ ಲೈಸೆನ್ಸ್ ಕೇಳುತ್ತದೆ. ಲೇತ್ ಇದೆ, ಕೈ ಪಳಗಿದೆ ಎಂದರೆ ಸಾಲದು. ಕೆಲಸವೆಲ್ಲ ಮುಗಿದ ಮೇಲೆ, ಬೇರೆ ಕಾಡತೂಸಿಗೆ ಚೇಂಬರ್ ಕೊರೆದ ನಳಿಗೆಯ ಮೇಲೆ ಒಳ್ಳೆಯ ಗನ್‌ಸ್ಮಿತ್ ಕಾಡತೂಸಿನ ಹಳೆಯ ಹೆಸರನ್ನು ಹೊಡೆದುಹಾಕಿ ಹೊಸದನ್ನು ಒತ್ತಿಯೇ ಕೊಡುತ್ತಾನೆ. ಇಪ್ಪತ್ತು ವರ್ಷದ ಮೇಲೆ ಆ ಕೋವಿಯನ್ನು ಕೊಳ್ಳುವವನು ಯಾವ ಕಾಡತೂಸು ಹಾಕಬೇಕೆಂದು ತಿಳಿಯುವುದು ಅದನ್ನು ಓದಿಯೇ.